ಹೊಗೆ ಯಾರ ಲೆಕ್ಕಕ್ಕೆ?

ಡಿಜಿಟಲ್ ಆರ್ಥಿಕತೆ ಬೆಳೆದಂತೆ ನಗರಗಳು ಉಗುಳುವ ಇಂಗಾಲ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ನನ್ನ ಪಿಎಚ್.ಡಿ. ಸಂಶೋಧನೆಯ ಅಂಚಿನಲ್ಲಿ ಈ ಪ್ರಶ್ನೆ ಎರಡು ವರ್ಷಗಳಿಂದ ಕೂತಿದೆ. ಇದರ ಬಗ್ಗೆ ಬರುತ್ತಿರುವ ಪ್ರಬಂಧಗಳು, ಅದರಲ್ಲೂ ಚೀನಾದ ನಗರಗಳನ್ನು ಕುರಿತವು, ಓದಿದಷ್ಟೂ ಮುಗಿಯುವುದಿಲ್ಲ. ಕೆಲವು ‘ಕಡಿಮೆಯಾಗುತ್ತದೆ’ ಎನ್ನುತ್ತವೆ. ಕೆಲವು ‘ಮೊದಲು ಏರಿ ಆಮೇಲೆ ಇಳಿಯುತ್ತದೆ’ ಎನ್ನುತ್ತವೆ. ಇನ್ನು ಕೆಲವು ಒಂದು ನಗರದಲ್ಲಿ ಇಳಿದದ್ದು ನೆರೆಯ ನಗರದಲ್ಲಿ ಏರಿರುವುದನ್ನು ತೋರಿಸುತ್ತವೆ. ಈ ಮೂರನೆಯ ಗುಂಪಿನ ಮಾತು ನನ್ನನ್ನು ಬಹಳ ದಿನ ಕಾಡಿತು. ಇಳಿಯಿತು ಎಂದು ಹೇಳಬೇಕಾದರೆ ಮೊದಲು ನಗರದ ಸುತ್ತ ಒಂದು ಗೆರೆ ಎಳೆಯಬೇಕು. ಗೆರೆ ಎಲ್ಲಿ ಎಳೆಯಬೇಕೆಂದು ಅಂಕಿಅಂಶ ಹೇಳಿಕೊಡುವುದಿಲ್ಲ. ಅದನ್ನು ಮನುಷ್ಯರು ತೀರ್ಮಾನಿಸುತ್ತಾರೆ. ಹಾಗಾಗಿ ಅದು ನ್ಯಾಯ ಅನ್ಯಾಯದ ಪ್ರಶ್ನೆಯೂ ಹೌದು.

ನಾನು ಬಂಗಾರಪೇಟೆಯವಳು. ಈ ಪ್ರಶ್ನೆಯನ್ನು ನಂದಿದುರ್ಗದಿಂದ ನೋಡುವುದು ನನಗೆ ಸಹಜ. ನಂದಿದುರ್ಗ ಎಂದರೆ ಹೆಚ್ಚಿನವರಿಗೆ ನಂದಿಬೆಟ್ಟ ನೆನಪಾಗುತ್ತದೆ; ನಾನು ಹೇಳುತ್ತಿರುವುದು ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ ಗಣಿಯ ಬಗ್ಗೆ. ಮೈಸೂರು ಮೈನು, ಚಾಂಪಿಯನ್ ರೀಫು, ಊರಗಾಂವ್‌ಗಳ ಸಾಲಿನಲ್ಲಿ ಅದೂ ಒಂದು. ಚಿನ್ನದ ಗಣಿಗೂ ಮೊಬೈಲ್ ಆ್ಯಪಿಗೂ ಏನು ಸಂಬಂಧ ಎಂದು ಕೇಳಬಹುದು. ಅದಕ್ಕೆ ಬರುವ ಮುಂಚೆ, ‘ಇಳಿಯುತ್ತದೆ’ ಎನ್ನುವವರ ವಾದವನ್ನು ಪೂರ್ತಿ ಕೇಳಿಸಿಕೊಳ್ಳುವುದು ಒಳ್ಳೆಯದು.

ಆ ವಾದದಲ್ಲಿ ಸತ್ಯವಿದೆ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಒಂದು ಪಹಣಿಗಾಗಿ ಶಾನುಭೋಗರನ್ನು ಹುಡುಕಿಕೊಂಡು ನಾಲ್ಕು ಸಲ ಬಸ್ಸು ಹತ್ತುತ್ತಿದ್ದ ರೈತ ಇವತ್ತು ಊರಲ್ಲೇ ಕೂತು ಅದನ್ನು ತೆಗೆಸಿಕೊಳ್ಳುತ್ತಾನೆ. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ನಿಂದ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಲು ಪ್ರತಿ ವರ್ಷ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಕೆಮ್ಮುತ್ತಾ ಕೂರುವ ಹಳೆಯ ಗಣಿ ಕಾರ್ಮಿಕರಿರುವ ನಮ್ಮ ಕಡೆ ಇದು ಸಣ್ಣ ಉಪಕಾರವಲ್ಲ. ಯುಪಿಐ ಮೂಲಕ 2025ರ ಆಗಸ್ಟ್ ತಿಂಗಳೊಂದರಲ್ಲೇ 2000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಇದರಲ್ಲಿ ಎಷ್ಟೋ ಓಡಾಟ, ಕಾಗದ, ಕ್ಯೂ ಉಳಿದಿದೆ. ಓಡಾಟ ಉಳಿದಲ್ಲಿ ಪೆಟ್ರೋಲು ಉಳಿಯುತ್ತದೆ, ಪೆಟ್ರೋಲು ಉಳಿದಲ್ಲಿ ಹೊಗೆ ಉಳಿಯುತ್ತದೆ. ಇಷ್ಟನ್ನು ಅಲ್ಲಗಳೆಯುವ ಹಟ ನನಗಿಲ್ಲ.

ಆದರೆ ಉಳಿತಾಯಕ್ಕೆ ಒಂದು ಹಳೆಯ ಗುಣವಿದೆ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಕಲ್ಲಿದ್ದಲಿನ ಮೇಲೆ ಬರೆದ ಪುಸ್ತಕದಲ್ಲಿ ಅದನ್ನು ಗುರುತಿಸಿದ. ಉಗಿಯಂತ್ರಗಳು ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದ ಮೇಲೆ ದೇಶದಲ್ಲಿ ಸುಡುವ ಕಲ್ಲಿದ್ದಲು ಹೆಚ್ಚಾಯಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುತ್ತಾರೆ. ಅಂಗಡಿಗೆ ಹೋಗುವ ಶ್ರಮ ಇಲ್ಲವಾದಾಗ ತಿಂಗಳ ಸಾಮಾನಿನ ಒಂದು ಪಟ್ಟಿ ಮುವ್ವತ್ತು ಪುಟ್ಟ ಆರ್ಡರುಗಳಾಗುತ್ತದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಒಂದು ಸ್ಕೂಟರು ಬರುತ್ತದೆ. ಬಾಡಿಗೆ ಕಾರು ಬೆರಳ ತುದಿಗೆ ಬಂದಾಗ, ಗಿರಾಕಿಯನ್ನು ಇಳಿಸಿ ಮುಂದಿನ ಗಿರಾಕಿಯ ಕಡೆಗೆ ಖಾಲಿ ಓಡುವ ದೂರವೂ ರಸ್ತೆಗೆ ಸೇರುತ್ತದೆ.

ಇದೆಲ್ಲದರ ಹಿಂದೆ ಎಲ್ಲೋ ಯಂತ್ರಗಳು ಹಗಲು ರಾತ್ರಿ ಬಿಸಿಯಾಗುತ್ತಿರುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಜಗತ್ತಿನ ಒಟ್ಟು ಬಳಕೆಯ ಶೇ. 1.5ರಷ್ಟು. 2030ರ ಹೊತ್ತಿಗೆ ಇದು ಎರಡು ಪಟ್ಟು ದಾಟಬಹುದು ಎಂದು ಅದೇ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 700 ಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಹತ್ತು ಮೆಗಾವಾಟ್ ಎಳೆಯುವ ಒಂದು ಡೇಟಾ ಸೆಂಟರ್ ಇಡೀ ದಿನ ನಡೆದರೆ 2.4 ಲಕ್ಷ ಯೂನಿಟ್. ಅಂದರೆ ದಿನಕ್ಕೆ ಹೆಚ್ಚುಕಡಿಮೆ 170 ಟನ್ ಹೊಗೆ. ಅದರ ಚಿಮಣಿ ಮಾತ್ರ ಆ ಕಟ್ಟಡದ ಮೇಲಿರುವುದಿಲ್ಲ. ಆ ಕಟ್ಟಡದ ಮುಂದೆ ನಿಂತವರಿಗೆ ಗಾಜು, ಹುಲ್ಲುಹಾಸು, ಎಸಿಯ ಗುಂಯ್ ಸದ್ದು ಇಷ್ಟೇ ಸಿಗುವುದು.

ಚಿಮಣಿಯನ್ನು ದೂರದಲ್ಲಿಟ್ಟು ಊರನ್ನು ಸ್ವಚ್ಛವಾಗಿಸುವ ಈ ಏರ್ಪಾಡು ಹೊಸದಲ್ಲ. ನಂದಿದುರ್ಗ ಗಣಿ ನನ್ನ ಲೇಖನಕ್ಕೆ ಬರುವುದು ಇಲ್ಲಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗಳಿಗೆ ಕಾಲಿಟ್ಟ ಮೇಲೆ ಅಲ್ಲಿನ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಸೌದೆ, ಕಲ್ಲಿದ್ದಲು ಬೇಕಿತ್ತು. ಆಗ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ನಮ್ಮೂರಿನಿಂದ 1894ರಲ್ಲಿ ಗಣಿಗಳಿಗೆ ರೈಲು ಮಾರ್ಗ ಬಂತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಉಗಿಯಂತ್ರಗಳ ಜಾಗಕ್ಕೆ ಒಂದೊಂದಾಗಿ ಮೋಟಾರುಗಳು ಬಂದವು. ಆ ಕಾಲದಲ್ಲಿ ನನ್ನಂಥ ಒಬ್ಬ ಸಂಶೋಧಕಿ ಇದ್ದು, ಗಣಿ ಪಟ್ಟಣದ ಸುತ್ತ ಗೆರೆ ಎಳೆದು ಹೊಗೆ ಅಳೆದಿದ್ದರೆ ‘ಹೊಸ ತಂತ್ರಜ್ಞಾನದಿಂದ ಹೊಗೆ ಇಳಿದಿದೆ’ ಎಂದೇ ಬರೆಯುತ್ತಿದ್ದಳು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ.

ಆದರೆ ಗೆರೆಯ ಆಚೆ ಬೇರೆಯದೇ ನಡೆದಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ವಿದ್ಯುತ್ ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿಯ ಬಳಿ ಅಣೆಕಟ್ಟೆಯ ಕೆಲಸ ಶುರುವಾದಾಗ, ನೀರಾವರಿಯ ಜೊತೆಗೆ ಗಣಿಗಳಿಗೆ ತಪ್ಪದೆ ವಿದ್ಯುತ್ ಕೊಡುವುದೂ ಅದರ ಉದ್ದೇಶವಾಗಿತ್ತು. ಕನ್ನಂಬಾಡಿ ಎಂಬ ಊರೇ ನೀರಿಗೆ ಹೋಯಿತು. ಮಂಡ್ಯದ ಗದ್ದೆಗಳಿಗೆ ಆ ಕಟ್ಟೆ ಏನು ಕೊಟ್ಟಿತು ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಮರೆತು ಮಾತಾಡುವುದು ತಪ್ಪಾಗುತ್ತದೆ. ಆದರೂ ಗಣಿ ಪಟ್ಟಣದ ಹೊಗೆಯ ಪಟ್ಟಿಯಲ್ಲಿ ಮುಳುಗಿದ ಒಂದು ಮನೆಗೂ ಕಾಲಂ ಇರಲಿಲ್ಲ.

ಜೆವೊನ್ಸ್ ಹೇಳಿದ್ದೂ ಇಲ್ಲಿ ನಡೆಯಿತು. ವಿದ್ಯುತ್ತಿನ ಬಲ ಬಂದ ಮೇಲೆ ಗಣಿಗಳು ಇನ್ನೂ ಆಳಕ್ಕೆ ಇಳಿದವು. ಚಾಂಪಿಯನ್ ರೀಫ್ 3 ಕಿಲೋಮೀಟರ್ ದಾಟಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮನುಷ್ಯರು ಅಲ್ಲಿ ನಿಲ್ಲಬೇಕಾದರೆ ಮೇಲಿನಿಂದ ಗಾಳಿಯನ್ನು ತಣಿಸಿ ಕಳಿಸಬೇಕು. ಆಳಕ್ಕಿಳಿದಷ್ಟೂ ತಣಿಸುವ ಖರ್ಚು ಏರುತ್ತದೆ. ಡೇಟಾ ಸೆಂಟರಿನ ಎಂಜಿನಿಯರನ್ನು ಕೇಳಿದರೂ ಇದೇ ಕಥೆ. ಲೆಕ್ಕ ಮಾಡುವ ಚಿಪ್ಪಿಗೆ ಎಷ್ಟು ವಿದ್ಯುತ್ ಬೇಕೋ, ಅದರ ಬಿಸಿ ಇಳಿಸಲು ಮೇಲಿಂದ ಮತ್ತಷ್ಟು ಬೇಕು.

120 ವರ್ಷಗಳಲ್ಲಿ ಕೋಲಾರದ ಗಣಿಗಳಿಂದ 800 ಟನ್‌ನಷ್ಟು ಚಿನ್ನ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು 3 ಕೋಟಿ ಟನ್ನಿಗೂ ಮೀರಿದ ಪುಡಿ. ಅದನ್ನು ನಮ್ಮ ಕಡೆ ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಎದ್ದ ದಿನ ಅದರ ದೂಳು ತೊಳೆದು ಹಾಕಿದ ಬಟ್ಟೆಯ ಮೇಲೂ ಮುಚ್ಚದ ಅನ್ನದ ಮೇಲೂ ಕೂರುತ್ತದೆ. ಗಣಿ ಮುಚ್ಚುವಾಗ ಹಿಂದೆ ಉಳಿಯುವ ನೆಲವನ್ನು ಏನು ಮಾಡಬೇಕೆಂಬ ಯೋಜನೆ ಮೊದಲೇ ಇರಬೇಕು ಎಂಬ ನಿಯಮ ನಮ್ಮ ದೇಶಕ್ಕೆ ಬಂದದ್ದು 2003ರಲ್ಲಿ. ನಮ್ಮ ಗಣಿಗೆ ಅದು ಎರಡು ವರ್ಷ ತಡ.

ಈಗ ಬೆಂಗಳೂರಿಗೆ ಬರೋಣ. 2023ರ ನವೆಂಬರಿನಲ್ಲಿ ಬೆಂಗಳೂರು ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊಗೆ ಎಂಬುದು ಅದರ ಗುರಿ. ಇಂಥ ನಗರ ಲೆಕ್ಕಗಳಲ್ಲಿ ಈಗ ಒಂದು ಪ್ರಾಮಾಣಿಕತೆ ಬಂದಿದೆ. ನಗರದೊಳಗೆ ಬಳಸಿದ ವಿದ್ಯುತ್ ಎಲ್ಲೇ ತಯಾರಾದರೂ ಅದರ ಹೊಗೆ ನಗರದ ಲೆಕ್ಕಕ್ಕೇ ಬರುತ್ತದೆ. ಕೃಷ್ಣಾ ತೀರದ ಶಕ್ತಿನಗರದಲ್ಲಿ, 1985ರಿಂದ ಕಲ್ಲಿದ್ದಲು ಸುಡುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಹೊಗೆಯಲ್ಲಿ ಬೆಂಗಳೂರಿನ ಪಾಲು ಹೀಗೆ ಅಂಕಿಯಾಗಿಯಾದರೂ ದಾಖಲಾಗುತ್ತದೆ. ಅಲ್ಲಿನ ಹಾರುಬೂದಿ ಮಾತ್ರ ಅಲ್ಲಿಯವರ ಅಂಗಳಕ್ಕೇ ಬೀಳುತ್ತದೆ.

ಡಿಜಿಟಲ್ ಆರ್ಥಿಕತೆ ಈ ಗೆರೆಯನ್ನೂ ದಾಟುತ್ತದೆ. ಬೆಂಗಳೂರಿನಲ್ಲಿ ಬರೆದ, ಬೆಂಗಳೂರಿಗರು ಬಳಸುವ ಒಂದು ಆ್ಯಪಿನ ಯಂತ್ರಗಳು ಮುಂಬೈಯಲ್ಲೋ ಚೆನ್ನೈಯಲ್ಲೋ ಇರಬಹುದು. ಸಮುದ್ರದಡಿಯ ಕೇಬಲ್ಲುಗಳು ದಡ ಹತ್ತುವುದು ಅಲ್ಲಿ, ಡೇಟಾ ಸೆಂಟರುಗಳು ಗುಂಪುಗೂಡಿರುವುದೂ ಅಲ್ಲೇ. ಆ ವಿದ್ಯುತ್ತು ಬೆಂಗಳೂರಿನ ಲೆಕ್ಕದಲ್ಲಿಲ್ಲ. ಕೈಯಲ್ಲಿರುವ ಫೋನನ್ನು ತಯಾರಿಸುವಾಗ ಎದ್ದ ಹೊಗೆಯೂ ಇಲ್ಲ. ಒಂದು ಫೋನಿನೊಳಗೆ ಸುಮಾರು 30 ಮಿಲಿಗ್ರಾಂ ಚಿನ್ನವಿರುತ್ತದೆ. ಒಂದು ಟನ್ ಹಳೆಯ ಫೋನುಗಳಲ್ಲಿ 150ರಿಂದ 200 ಗ್ರಾಂ ಎಂದಾಯಿತು. ಕೋಲಾರದ ಅದಿರಿನಲ್ಲಿ ಎಲ್ಲ ವರ್ಷಗಳ ಸರಾಸರಿ ತೆಗೆದರೆ ಟನ್ನಿಗೆ 15 ಗ್ರಾಂ ಆಸುಪಾಸು. ಮನೆಮನೆಯ ಮೇಜಿನ ಡ್ರಾಯರುಗಳಲ್ಲಿ ನಂದಿದುರ್ಗಕ್ಕಿಂತ ಗಟ್ಟಿಯಾದ ಗಣಿ ಇದೆ. ಆದರೂ ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಬಿಸಾಡಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಸ್ಕರಣೆಯಾದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಭಾಗ ಯಾವುದೋ ಗಲ್ಲಿಯಲ್ಲಿ ಬರಿಗೈಯಲ್ಲಿ ಆಸಿಡ್ ಮುಟ್ಟುವವರ ಪಾಲಿಗೆ ಹೋಗುತ್ತದೆ. ಅವರದೂ ಒಂದು ಸೈನೈಡ್ ಗುಡ್ಡವೇ. ಅದು ಒಂದೇ ಕಡೆ ರಾಶಿ ಬಿದ್ದಿಲ್ಲವಾದ್ದರಿಂದ ಕಾಣುವುದಿಲ್ಲ.

ಗೆರೆ ಎಳೆಯುವ ವಿಷಯದಲ್ಲಿ ಹೊಗೆಯ ಜೊತೆ ಮನುಷ್ಯರೂ ಆಚೆ ಈಚೆ ಆಗುತ್ತಾರೆ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಊರಗಾಂವ್, ಬಂಗಾರಪೇಟೆಗಳಿಂದ ಸಾವಿರಾರು ಜನ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಐಟಿ ಕಟ್ಟಡಗಳ ವೈಟ್‌ಫೀಲ್ಡ್ ಇರುವುದೂ ಇದೇ ಹಳಿಯ ಮೇಲೆ. ಇವರಲ್ಲಿ ಕಂಪ್ಯೂಟರಿನ ಮುಂದೆ ಕೂರುವವರಿದ್ದಾರೆ. ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನವರು, ಪಾರ್ಸೆಲ್ ಹಂಚುವವರೂ ಇದ್ದಾರೆ. ‘ಮನೆಯಿಂದ ಕೆಲಸ’ ಎಷ್ಟು ಇಂಗಾಲ ಉಳಿಸುತ್ತದೆ ಎಂಬ ಅಧ್ಯಯನಗಳನ್ನು ಓದುತ್ತಿದ್ದ ದಿನಗಳಲ್ಲಿ, ರೈಲಿನಲ್ಲಿ ಪಕ್ಕ ಕೂತಿದ್ದ ಒಬ್ಬ ಅಕ್ಕನಿಗೆ ಆ ವಿಷಯ ಹೇಳಿದೆ. ಅವರು ಒಂದು ಟೆಕ್ ಪಾರ್ಕಿನಲ್ಲಿ ಮಹಡಿ ಒರೆಸುವವರು. ‘ನಮಗೆಲ್ಲಮ್ಮಾ ಅದು? ಕಸ ಏನು ಮನೇಲಿ ಕೂತು ಗುಡಿಸೋಕಾಯ್ತದಾ?’ ಎಂದು ನಕ್ಕರು. ಆಮೇಲೆ, ‘ಅವರು ಬರ್ದೇ ಇದ್ರೆ ನಮಗೂ ಕೆಲಸ ಇರಲ್ಲ ಬಿಡು’ ಎಂದು ಕಿಟಕಿಯ ಕಡೆ ತಿರುಗಿದರು.

ಆ ಎರಡನೆಯ ಮಾತು ನನಗೆ ಹೆಚ್ಚು ಭಾರವಾಗಿ ಕಂಡಿತು. ಎಂಜಿನಿಯರು ಮನೆಯಲ್ಲೇ ಉಳಿದಾಗ ನಗರದ ಹೊಗೆ ಒಂದಿಷ್ಟು ಇಳಿಯುತ್ತದೆ, ನಿಜ. ಅದರ ಜೊತೆಗೆ ಒಬ್ಬ ಹೆಂಗಸಿನ ಸಂಬಳವೂ ಇಳಿಯಬಹುದು. ನಮ್ಮ ಪಟ್ಟಿ ಮೊದಲನೆಯದನ್ನು ಸಾಧನೆ ಎಂದು ಬರೆದುಕೊಳ್ಳುತ್ತದೆ. ಎರಡನೆಯದು ಪಟ್ಟಿಗೆ ಬರುವುದೇ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು: ಗೆರೆಯನ್ನು ಹಿಗ್ಗಿಸುತ್ತಾ ಹೋದರೆ ಜಗತ್ತೆಲ್ಲ ಒಂದೇ ಲೆಕ್ಕವಾಗುತ್ತದೆ, ಎಲ್ಲರೂ ತಪ್ಪಿತಸ್ಥರಾಗುತ್ತಾರೆ, ಎಲ್ಲರೂ ತಪ್ಪಿತಸ್ಥರಾದರೆ ಯಾರೂ ಅಲ್ಲ. ಅಮೆರಿಕದ ಚಿಂತಕಿ ಐರಿಸ್ ಮೇರಿಯನ್ ಯಂಗ್ ಇಲ್ಲಿ ನೆರವಿಗೆ ಬರುತ್ತಾರೆ. ತಪ್ಪು ಹೊರಿಸುವುದು ಬೇರೆ, ಹೊಣೆ ಹೊರುವುದು ಬೇರೆ ಎಂಬುದು ಅವರ ವಿಚಾರದ ತಿರುಳು. ದೂರದ ಕಾರ್ಖಾನೆಯಲ್ಲಿ ಹೊಲಿದ ಅಂಗಿ ತೊಟ್ಟವರು ಅಲ್ಲಿನ ಅನ್ಯಾಯದ ಅಪರಾಧಿಗಳಲ್ಲ. ಆದರೆ ಆ ವ್ಯವಸ್ಥೆಯ ಒಂದು ಕೊಂಡಿ ಅವರು, ಅದನ್ನು ಸರಿಮಾಡುವ ಕೆಲಸದಲ್ಲಿ ಅವರಿಗೂ ಪಾಲಿದೆ. ಆ ಪಾಲು ಎಲ್ಲರಿಗೂ ಸಮವಲ್ಲ. ಹೆಚ್ಚು ಲಾಭ ಪಡೆದವರಿಗೆ, ಬದಲಿಸುವ ಶಕ್ತಿ ಇರುವವರಿಗೆ ಹೆಚ್ಚು. ಕೊತ್ತಂಬರಿ ಸೊಪ್ಪು ತರಿಸಿಕೊಂಡವರಿಗೂ, ಅದನ್ನು ಹತ್ತು ನಿಮಿಷದಲ್ಲಿ ತಲುಪಿಸುತ್ತೇವೆಂದು ಹಣ ಹೂಡಿದವರಿಗೂ ಒಂದೇ ಹೊಣೆ ಎಂದು ಯಾರೂ ಹೇಳಬೇಕಿಲ್ಲ.

ಎರಡನೆಯ ಆಕ್ಷೇಪ ನಮ್ಮೂರಿನದೇ. ಗಣಿಯಿಂದ ಕೆಟ್ಟದ್ದಾಯಿತು ಎಂದು ನಂದಿದುರ್ಗದ ಲೈನ್ ಮನೆಗಳಲ್ಲಿ ಹೇಳಿ ನೋಡಿ. ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡ ಅಜ್ಜನೇ ಎದುರು ಮಾತಾಡುತ್ತಾರೆ. ಗಣಿ ಅವರಿಗೆ ಅನ್ನ ಕೊಟ್ಟಿತು. ಜಾತಿಯ ಕಾರಣಕ್ಕೆ ತಮ್ಮ ಊರುಗಳಲ್ಲಿ ತಲೆ ಎತ್ತಲಾಗದಿದ್ದವರಿಗೆ ಕೂಲಿ, ಸಂಘ, ಶಾಲೆ ಕೊಟ್ಟಿತು. ಗಣಿ ಮುಚ್ಚಿದ ದಿನವನ್ನು ಅವರು ಸಾವಿನ ದಿನದಂತೆ ನೆನೆಯುತ್ತಾರೆ. ಡಿಜಿಟಲ್ ಆರ್ಥಿಕತೆಯೂ ಹಾಗೆಯೇ. ಅದರ ಸಂಬಳದಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಸೂರು ಬಂದಿದೆ. ಹೊಗೆಯ ಹೆಸರಿನಲ್ಲಿ ಅದನ್ನು ಬೇಡ ಎನ್ನುವ ಅಧಿಕಾರ, ಸ್ಕಾಲರ್‌ಶಿಪ್ ಹಣದಲ್ಲಿ ಓದುತ್ತಿರುವ ನನಗಿಲ್ಲ.

ಹಾಗಾದರೆ ನಾನು ಕೇಳುತ್ತಿರುವುದೇನು? ನಮ್ಮ ಭಾಷೆಯಲ್ಲಿ ‘ಲೆಕ್ಕ’ ಮತ್ತು ‘ಋಣ’ ಎಂಬ ಎರಡು ಮಾತುಗಳಿವೆ. ಲೆಕ್ಕ ಚುಕ್ತಾ ಆಗುತ್ತದೆ. ಇಂಗಾಲದ ಪ್ರಮಾಣಪತ್ರ ಕೊಂಡು, ಎಲ್ಲೋ ಗಿಡ ನೆಡಿಸಿ, ಕಂಪನಿಯೊಂದು ತನ್ನ ಲೆಕ್ಕವನ್ನು ಸೊನ್ನೆಗೆ ತರಬಹುದು. ಋಣ ಹಾಗೆ ಹರಿಯುವುದಿಲ್ಲ. ಅದು ಇಂಥವರಿಗೆ ಎಂದು ಇರುತ್ತದೆ, ಅವರ ಮುಖ ನೋಡಿಯೇ ತೀರಿಸಬೇಕು. ಶಕ್ತಿನಗರದ ಬೂದಿಯ ಋಣವನ್ನು ಬೇರೆ ಯಾವುದೋ ರಾಜ್ಯದ ಗಿಡ ತೀರಿಸಲಾರದು. ಪಾವಗಡದ ಸೋಲಾರ್ ಪಾರ್ಕ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ 13,000 ಎಕರೆಯಷ್ಟು ನೆಲವನ್ನು ರೈತರಿಂದ ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ನೆಲ ರೈತರ ಹೆಸರಿನಲ್ಲೇ ಉಳಿಯಿತು. ಅಲ್ಲೂ ಗುತ್ತಿಗೆಯ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗಲ್ಲ. ಇಲ್ಲೂ ಒಂದು ಗೆರೆ ಇದೆ.

ನನ್ನ ಮಟ್ಟಿಗೆ ಇದರಿಂದ ಒಂದು ಕೆಲಸದ ನಿಯಮ ಹುಟ್ಟಿದೆ. ಡಿಜಿಟಲ್ ಆರ್ಥಿಕತೆಯಿಂದ ಒಂದು ನಗರದ ಹೊಗೆ ಇಳಿದಿದೆ ಎಂದು ಯಾರೇ ಹೇಳಲಿ, ಮೂರು ಪ್ರಶ್ನೆ ಕೇಳುತ್ತೇನೆ. ಈ ನಗರದ ಸೌಲಭ್ಯಕ್ಕಾಗಿ ಬೇರೆ ಎಲ್ಲಿ ಏನು ಉರಿಯಿತು? ಈ ಇಳಿಕೆಯಲ್ಲಿ ಯಾರ ದುಡಿಮೆ, ಯಾರ ನೆಲ ಸೇರಿದೆ, ಅವರನ್ನು ಯಾರಾದರೂ ಕೇಳಿದ್ದಾರೆಯೇ? ಈ ಯಂತ್ರಗಳು ಹಳತಾಗಿ, ಕಂಪನಿ ಎದ್ದು ಹೋದ ದಿನ ಉಳಿಯುವ ರಾಶಿಯನ್ನು ಎತ್ತುವ ಹಣ ಇವತ್ತೇ ಬೇರೆ ಇಟ್ಟಿದೆಯೇ? ಮೂರನೆಯದು ಅಸಾಧ್ಯದ ಬೇಡಿಕೆಯಲ್ಲ. ಗಣಿಗಳಿಗೆ 2003ರಿಂದ ಆ ನಿಯಮವಿದೆ. ವಿದ್ಯುನ್ಮಾನ ಸಾಮಗ್ರಿ ತಯಾರಿಸುವವರು ಅದರ ಕಸಕ್ಕೂ ಹೊಣೆ ಎಂಬ ಹೊಸ ನಿಯಮಾವಳಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾಗದದ ಮೇಲಿರುವುದನ್ನು ನೆಲಕ್ಕಿಳಿಸುವುದು ಬಾಕಿ.

ಸೈನೈಡ್ ಗುಡ್ಡಗಳಲ್ಲಿ ಇನ್ನೂ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ನಮ್ಮೂರ ಹುಡುಗರು ಕೆಲಸ ಸಿಗಬಹುದೆಂದು ಕಾಯುತ್ತಿದ್ದಾರೆ. ಸಿಗಲಿ ಎಂದೇ ನನ್ನ ಆಸೆ. ಆದರೆ ಆ ಪುಡಿಯನ್ನು ಮತ್ತೊಮ್ಮೆ ಕೆದಕುವ ಮೊದಲು, ಎದ್ದ ದೂಳು ಯಾರ ಅನ್ನದ ಮೇಲೆ ಕೂರುತ್ತದೆ ಎಂದು ಗುಡ್ಡದ ಬುಡದಲ್ಲಿ ಬದುಕುವವರನ್ನು ಕೂರಿಸಿಕೊಂಡು ಯಾರಾದರೂ ಮಾತಾಡಬೇಕು. ಮುಂದೊಂದು ದಿನ ನಮ್ಮ ಜಿಲ್ಲೆಗೆ ಡೇಟಾ ಸೆಂಟರ್ ಬರುವುದಾದರೂ ಅದಕ್ಕೂ ಇದೇ ಮಾತು ಸಲ್ಲಬೇಕು.